ಸುಮ್ಮನಿರುವ ತಂತಿ

“ಕೂಡುಮನೆಗೆ ಹೀಗೆ ಹೋದರೆ ಸಿಗುತ್ತದೇನಪ್ಪಾ?”

ಕಂಬದ ಮೇಲೆ ಕೂತಿದ್ದವನು ಕೆಳಗೆ ನೋಡಿದ. ತಂತಿ ಬಿಗಿಯುವವನು. ಬಾಯಲ್ಲಿ ಕಚ್ಚಿಕೊಂಡಿದ್ದ ಇಕ್ಕಳವನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿ, “ಹೀಗೆ ಹೋದರೂ ಸಿಗುತ್ತೆ, ಹಾಗೆ ಹೋದರೂ ಸಿಗುತ್ತೆ. ನಿಂತಲ್ಲೇ ನಿಂತರೆ ಮಾತ್ರ ಸಿಗಲ್ಲ ಕಣಕ್ಕ” ಎಂದ.

ಬೆಳಗಿನಿಂದ ಅವೇ ಮೂರು ಬೇವಿನ ಮರಗಳನ್ನು ನಾಲ್ಕು ಸಲ ದಾಟಿದ್ದೆ. ಹದಿನಾಲ್ಕು ಬಂದರುಗಳಲ್ಲಿ, ಎರಡು ಮರುಭೂಮಿಗಳಲ್ಲಿ ದಾರಿ ತಪ್ಪದವಳು ಹುಟ್ಟಿದ ಊರಿನಲ್ಲಿ ತಪ್ಪಿಸಿಕೊಂಡಿದ್ದೆ.

“ಹೀಗೆ ಅಂದರೆ ಹೇಗೆ?”

“ಕೆರೆ ಏರಿ ಮೇಲೆ ಒಂದು ದಾರಿ. ಕುಂಬಾರರ ಆವಿಗೆ ಹಿಂದೆ ಇನ್ನೊಂದು. ಯಾವುದರಲ್ಲಾದರೂ ಹೋಗಿ, ಹೋಗದೇ ಬಿಟ್ಟ ದಾರೀನೂ ನೆನಪಿಟ್ಕೊಳ್ಳಿ. ಒಂದೇ ದಾರಿ ಹೇಳಿ ಕಳಿಸೋದು ನಮ್ಮೂರಲ್ಲಿ ತಪ್ಪು.”

ಗೊತ್ತಿತ್ತು. ಈ ಊರಿನ ಕಟ್ಟಳೆ ಅದು. ಇಲ್ಲಿ ಎಲ್ಲವೂ ಎರಡೆರಡು: ಒಂದು ಬಳಸುವುದಕ್ಕೆ, ಇನ್ನೊಂದು ಇರುವುದಕ್ಕೆ. ಬಾವಿಗೆ ಎರಡು ಹಗ್ಗ, ಬಾಗಿಲಿಗೆ ಎರಡು ಅಗುಳಿ, ಸಾರಿಗೆ ಎರಡು ಸೌಟು. ಬಳಸದೇ ಇರುವುದನ್ನು ದಿನಕ್ಕೊಮ್ಮೆ ಕೈಯಲ್ಲಿ ಹಿಡಿದು, ನೋಡಿ, ಮತ್ತೆ ಅದರ ಜಾಗದಲ್ಲೇ ಇಡಬೇಕು. ಹಾಗಾದರೆ ಗಂಡ ಮಾತ್ರ ಯಾಕೆ ಒಬ್ಬನೇ ಎಂದು ಚಿಕ್ಕವಳಿದ್ದಾಗ ಕೇಳಿದ್ದಕ್ಕೆ ನಮ್ಮಜ್ಜಿ, “ಅದೊಂದನ್ನ ದಿನಾ ನೋಡೋದೇ ಸಾಕಾಗಿದೆ, ಸುಮ್ನಿರೇ” ಎಂದಿದ್ದಳು.

ತಂತಿಗಳೂ ಹಾಗೆಯೇ. ಊರ ನಡುವಿನ ಕೂಡುಮನೆಯಿಂದ ಸುತ್ತಲಿನ ಒಂದೊಂದು ಹಟ್ಟಿಗೂ ಎರಡು ತಂತಿ. ಬೇರೆ ದೇಶಗಳಲ್ಲಿ ಇಂಥ ಮನೆಗೆ ಟೆಲಿಫೋನ್ ಎಕ್ಸ್‌ಚೇಂಜ್ ಎನ್ನುತ್ತಾರೆ. ಹತ್ತಾರು ನೋಡಿದ್ದೇನೆ, ಯಾವುದರಲ್ಲೂ ಸುಣ್ಣದ ವಾಸನೆ ಇರಲಿಲ್ಲ. ಮೊದಲ ತಂತಿಯಲ್ಲಿ ಜನ ಮಾತಾಡುತ್ತಾರೆ: ಹೆರಿಗೆ, ಜಗಳ, ಎಳ್ಳಿನ ಬೆಲೆ. ಎರಡನೆಯದು ಸುಮ್ಮನಿರುತ್ತದೆ. ಮೊದಲನೆಯದು ಹರಿದ ದಿನಕ್ಕಾಗಿ ಅದು ಕಾದಿರುತ್ತದೆ. ಅಲ್ಲಿಯವರೆಗೆ ಅದರಲ್ಲಿ ಯಾರೂ ಒಂದು ಮಾತೂ ಆಡಕೂಡದು.

ಆಡಕೂಡದು, ಆದರೆ ದಿನಕ್ಕೊಮ್ಮೆ ವಿಚಾರಿಸಬೇಕು. ನೆರಳು ಕಾಲಡಿಗೆ ಬಂದ ಹೊತ್ತಿಗೆ ಕೂಡುಮನೆಯಲ್ಲಿ ಕೂತ ಕೇಳುವವಳು ಸುಮ್ಮನಿರುವ ತಂತಿಯ ಹಿತ್ತಾಳೆ ಮುಚ್ಚಳದ ಮೇಲೆ ಮೂರು ಸಲ ಬೆರಳಿನಿಂದ ತಟ್ಟುತ್ತಾಳೆ. ಆ ತುದಿಯಲ್ಲಿ ಓಗೊಡುವವಳೊಬ್ಬಳು ಇರುತ್ತಾಳೆ. ಅವಳು ಮೂರು ಸಲ ತಟ್ಟುತ್ತಾಳೆ. ಮೂರು ಹೋಗಬೇಕು, ಮೂರು ಬರಬೇಕು. ಬಂದರೆ ಗೋಡೆಯ ಮೇಲೆ ಸುಣ್ಣದ ಚುಕ್ಕೆ. ಬರದಿದ್ದರೆ ಮಸಿಯ ಚುಕ್ಕೆ, ಮತ್ತು ತಂತಿ ಬಿಗಿಯುವವನ ಹೆಗಲಿಗೆ ಏಣಿ. ಕೇಳುವವಳೂ ಓಗೊಡುವವಳೂ ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ಮುಖ ನೋಡಿದರೆ ಮುಖವೇ ನೆನಪಾಗಿ ಬೆರಳಿನ ಸದ್ದು ಸರಿಯಾಗಿ ಕೇಳುವುದಿಲ್ಲ ಎನ್ನುವುದು ಅಲ್ಲಿನವರ ವಾದ.

ನಾನು ಓಗೊಡುವವಳಾಗಿದ್ದೆ. ಹೊಳೆಯಾಚೆ, ಆಚೆದಡ ಎಂಬ ಹಟ್ಟಿಯ ಮೇಲಿನ ಗುಡ್ಡದ ಗುಡಿಸಲಿನಲ್ಲಿ, ಹತ್ತೊಂಬತ್ತನೆಯ ವಯಸ್ಸಿನಿಂದ ಮೂರು ವರ್ಷ. ಕೆಳಗೆ ನಲವತ್ತು ಮನೆ. ಮೇಲಿನ ಕಟ್ಟೆ ತುಂಬಿ ನೀರು ಬಿಟ್ಟರೆ, “ಏಳಿ, ದಿಬ್ಬ ಹತ್ತಿ” ಎಂಬ ಮಾತು ತಂತಿಯಲ್ಲಿ ಬರಬೇಕು. ಮೊದಲ ತಂತಿ ಸತ್ತಿದ್ದರೆ ಅದು ನನ್ನ ತಂತಿಯಲ್ಲಿ ಬರಬೇಕು, ನಾನು ಗುಡ್ಡದಿಂದ ಕೂಗಿ ಹೇಳಬೇಕು. ನನ್ನ ಕೆಲಸವೆಲ್ಲ ಅಷ್ಟೇ. ದಿನಕ್ಕೆ ಮೂರು ಸಲ ತಟ್ಟುವುದು, ಉಳಿದ ಹೊತ್ತು ಇರುವುದು.

ಇರುವುದು ನನಗೆ ಒಗ್ಗಲಿಲ್ಲ. ಗುಡ್ಡದ ತುದಿಯಿಂದ ಹೊಳೆ ಎಲ್ಲಿಗೋ ಹೋಗುವುದು ಕಾಣುತ್ತಿತ್ತು. ಅದು ಹೋಗಿ ಸೇರುವ ಕಡಲನ್ನು ಒಮ್ಮೆ ನೋಡಿ ಬರಬೇಕೆನ್ನಿಸಿತು. ಒಂದು ವಾರ ಸಾಕು. ನಾನು ಯಾರ ಜೊತೆಗೂ ಓಡಿಹೋಗಲಿಲ್ಲ, ಒಬ್ಬಳೇ ಹೋದೆ. ಯಾರದಾದರೂ ಜೊತೆ ಇದ್ದಿದ್ದರೆ ಜನಕ್ಕೆ ಅರ್ಥವಾದರೂ ಆಗುತ್ತಿತ್ತು.

ಹೋಗುವ ಮುಂಚೆ ಒಂದು ಕೆಲಸ ಮಾಡಿದೆ. ತಂತಿಯೊಳಗೆ ಎರಡು ಎಳೆ ಇರುತ್ತವೆ: ಅಲ್ಲಿಂದ ಬರುವುದೊಂದು, ಇಲ್ಲಿಂದ ಹೋಗುವುದೊಂದು. ಎರಡನ್ನೂ ಗುಡಿಸಲಿನ ಗೋಡೆಗಿದ್ದ ತಟ್ಟುವ ಡಬ್ಬಿಯಿಂದ ಬಿಚ್ಚಿ, ಒಂದರ ತುದಿಗೆ ಇನ್ನೊಂದರ ತುದಿ ಸೇರಿಸಿ ಹೊಸೆದುಬಿಟ್ಟೆ. ಈಗ ಅಲ್ಲಿಂದ ಹೊರಟ ತಟ್ಟು ಗುಡಿಸಲಿಗೆ ಬಂದು, ತಿರುಗಿ, ಹೋದ ಹಾಗೇ ವಾಪಸು ಹೋಗುತ್ತದೆ. ಮೂರು ಹೋದರೆ ಮೂರೇ ಬರುತ್ತದೆ. ಯಾರೂ ಬೇಕಾಗಿಲ್ಲ.

ವಾರ ಮುಗಿಯಿತು. ಕಡಲಿನಾಚೆ ಇನ್ನೊಂದು ದಡ ಇದೆ ಎಂದು ಯಾರೋ ಹೇಳಿದರು. ಹೀಗೆ ಇಪ್ಪತ್ತೇಳು ವರ್ಷ. ಮೆಟ್ಟಿಲಿನ ಕೆಳಗೆ ಆಚೆದಡದವರು ದಿನಾ ಇಟ್ಟು ಹೋಗುವ ಬುತ್ತಿಯನ್ನು ಗುಡ್ಡದ ಕೋತಿಗಳು ಅಷ್ಟೂ ವರ್ಷ ನನ್ನ ಪರವಾಗಿ ತಿಂದವು. ಪಾತ್ರೆ ಖಾಲಿಯಾಗಿರುತ್ತಿತ್ತು, ಇನ್ನೇನು ಬೇಕು? ಒಬ್ಬಳು ಇದ್ದಾಳೆ ಎನ್ನುವುದಕ್ಕೆ ಊರು ಕೇಳುವ ಗುರುತೇ ಅಷ್ಟು.

ಮೊನ್ನೆ ಒಂದು ದೂರದ ಬಂದರಿನ ಅಂಗಡಿಯಿಂದ, ಕಾಯಿಲೆ ಬಿದ್ದಿದ್ದ ಗೆಳತಿಗೆ ಫೋನ್ ಮಾಡಿದೆ. ಅತ್ತಲಿಂದ ಅವಳ ದನಿ ಬರಲಿಲ್ಲ. ನನ್ನ ‘ಹಲೋ’ ನನಗೇ ಬಂತು. ‘ಇದ್ದೀಯಾ?’ ಎಂದೆ. ‘ಇದ್ದೀಯಾ?’ ಎಂದಿತು. ರಿಸೀವರ್ ಇಟ್ಟು, ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಾನು ಏನು ಮಾಡಿ ಬಂದಿದ್ದೆ ಎನ್ನುವುದು ಅಂದು ಮೊದಲ ಸಲ ನನ್ನ ಕಿವಿಗೆ ಬಿತ್ತು.

“ಕೂಡುಮನೇಲಿ ಏನು ಕೆಲಸ?” ಎಂದ ಕಂಬದ ಮೇಲಿನವನು.

“ಒಂದು ಸಾಲ ಇದೆ. ದುಡ್ಡಿನದಲ್ಲ. ಒಬ್ಬರು ಕೇಳಿದ್ದರು, ನಾನು ಉತ್ತರ ಕೊಟ್ಟಿರಲಿಲ್ಲ.”

“ಅಷ್ಟೇನಾ! ಹೋಗಿ ಹೋಗಿ, ಬೇಗ ಹೋಗಿ. ಇವತ್ತು ಮಧ್ಯಾಹ್ನ ಅಲ್ಲಿ ಜನ ಜಾತ್ರೆ ಥರ ಸೇರ್ತಾರೆ. ಆಚೆದಡದ ಮೊದಲ ತಂತಿ ಈ ವರ್ಷ ಮೂರು ಸಲ ಹರೀತು, ಪುಣ್ಯಕ್ಕೆ ಮೂರು ಸಲಾನೂ ಎರಡನೇದರಲ್ಲಿ ಕೂಗಿ ಹೇಳೋ ಸುದ್ದಿ ಏನೂ ಇರಲಿಲ್ಲ. ಮೂರು ಸಲ ಹರಿದದ್ದನ್ನ ಇಳಿಸಿಬಿಡಬೇಕು, ಅದೇ ಪದ್ಧತಿ. ನಾನೇ ಕತ್ತರಿಸೋನು. ಇನ್ಮೇಲೆ ಎರಡನೇದೇ ಮೊದಲನೇದು.”

“ಹೊಸ ಎರಡನೇದು?”

“ಬರೋ ವರ್ಷ. ಏನು ಭಯ? ಇಡೀ ಊರಲ್ಲಿ ಅಷ್ಟು ಗಟ್ಟಿ ತಂತಿ ಇನ್ನೊಂದಿಲ್ಲ. ಉಳಿದ ಕಡೆ ಓಗೊಡೋರಿಗೆ ಜ್ವರ ಬರುತ್ತೆ, ನಿದ್ದೆ ಬರುತ್ತೆ, ಮುನಿಸು ಬರುತ್ತೆ, ಗೋಡೆ ತುಂಬ ಮಸಿ. ಗುಡ್ಡದವಳು ಮಾತ್ರ ಇಪ್ಪತ್ತೇಳು ವರ್ಷದಲ್ಲಿ ಒಂದು ದಿನ ತಪ್ಪಿಲ್ಲ. ಪುಣ್ಯಾತ್ಗಿತ್ತಿ!”

ಬೇವಿನ ಮರಕ್ಕೆ ಕೈ ಊರಿಕೊಂಡು ನಿಂತೆ. ಬಂದದ್ದು ಒಬ್ಬಳ ಹತ್ತಿರ ಗುಟ್ಟಾಗಿ ತಪ್ಪಾಯಿತೆಂದು ಹೇಳಿ ಹೋಗೋಣವೆಂದು. ಈಗ ಮೊದಲ ತಂತಿ ಇಳಿದರೆ ನಲವತ್ತು ಮನೆಗಳಿಗೆ ಉಳಿಯುವುದು ನಾನು ಹೊಸೆದ ಗಂಟು. ನೀರು ಬಂದ ದಿನ ‘ಏಳಿ’ ಎಂಬ ಕೂಗು ಗುಡ್ಡದವರೆಗೆ ಬಂದು, ಕೂಗಿದವರ ಕಿವಿಗೇ ವಾಪಸು ಹೋಗುತ್ತದೆ. ನೇರ ಗುಡ್ಡಕ್ಕೇ ಹೋಗಿ, ಗಂಟು ಬಿಚ್ಚಿ, ಯಾರಿಗೂ ಹೇಳದೆ ಕೂತುಬಿಡಲೇ ಎಂದೂ ಯೋಚಿಸಿದೆ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಗುಡ್ಡ ಒಂದೂವರೆ ದಿನದ ನಡಿಗೆ, ತಂತಿ ಬೀಳುವುದು ಇವತ್ತು, ಮತ್ತು ನೀರು ಹೇಳಿ ಬರುವುದಿಲ್ಲ. ಈ ಲೆಕ್ಕ ಹಾಕಲು ನಾನು ತೆಗೆದುಕೊಂಡ ಹೊತ್ತನ್ನು ನೆನೆದರೆ ನಾಚಿಕೆಯಾಗುತ್ತದೆ.

ಕೆರೆ ಏರಿಯ ಮೇಲೆ ಹೋದೆ.

ಕೂಡುಮನೆಯ ಬಾಗಿಲಲ್ಲಿ ಊರಿನ ಯಜಮಾನ ನಿಂತಿದ್ದ. ಒಳಗೆ ಹಲಗೆಯ ತುಂಬ ಹಿತ್ತಾಳೆ ಮುಚ್ಚಳಗಳು. ಅವುಗಳಲ್ಲಿ ಒಂದಕ್ಕೆ ಚೆಂಡುಹೂವಿನ ಹಾರ. ಅದರ ಮುಂದೆ ಮಣೆಯ ಮೇಲೆ ಕೇಳುವವಳು. ನಾನು ಅವಳನ್ನು ನೋಡುತ್ತಿದ್ದುದು ಅದೇ ಮೊದಲು. ನನ್ನ ಎಣಿಕೆಯಲ್ಲಿ ಅವಳು ಎತ್ತರದ, ಬಿಗಿ ಮುಖದ ಹೆಂಗಸು. ಇವಳು ಗಿಡ್ಡ, ಹಲ್ಲಿಲ್ಲ, ಬೆರಳುಗಳಿಗೆ ಸುಣ್ಣ ಹತ್ತಿ ಹತ್ತಿ ಚರ್ಮ ಬಿರಿದಿತ್ತು. ಹಿಂದಿನ ಗೋಡೆ ಚುಕ್ಕೆಗಳಿಂದ ತುಂಬಿತ್ತು. ಎಲ್ಲ ಸಾಲುಗಳಲ್ಲೂ ಬಿಳಿಯ ನಡುವೆ ಅಲ್ಲಲ್ಲಿ ಕಪ್ಪು. ಒಂದು ಸಾಲು ಮಾತ್ರ ಆರಂಭದ ಸ್ವಲ್ಪ ದೂರ ಬಿಟ್ಟರೆ ಕೊನೆಯವರೆಗೂ ಬರೀ ಬಿಳಿ.

“ಯಾರಮ್ಮ, ದಾರಿಹೋಕಳಾ? ಕೂತ್ಕೋ” ಎಂದಳು. ಎರಡು ಲೋಟ ನೀರು ಇಟ್ಟಳು. ಒಂದನ್ನು ಕುಡಿದೆ. ಇನ್ನೊಂದನ್ನು ಮುಟ್ಟಿ, ಅಲ್ಲೇ ಬಿಟ್ಟೆ. ಅವಳಿಗೆ ಖುಷಿಯಾಯಿತು. “ಪದ್ಧತಿ ಗೊತ್ತು ನಿನಗೆ.”

“ಆ ಹಾರ ಯಾರಿಗಮ್ಮಾ?”

“ನನ್ನ ಹುಡುಗಿಗೆ.” ಮುಚ್ಚಳವನ್ನು ಸೆರಗಿನಿಂದ ಒರೆಸಿದಳು. “ಮುಖ ನೋಡಿಲ್ಲ ನಾನು. ಮೊದಲ ಮೂರು ವರ್ಷ ಸ್ವಲ್ಪ ಅಡ್ಡಾದಿಡ್ಡಿ. ಒಂದಿನ ತಡ ಮಾಡೋಳು, ಒಂದಿನ ಎರಡೇ ತಟ್ಟಿ ಬಿಡೋಳು, ಒಂದಿನ ಆಟಕ್ಕೆ ನಾಲ್ಕು. ಎಷ್ಟು ಬೈದಿದೀನಿ ಇಲ್ಲಿ ಕೂತು! ಆಮೇಲೆ ಪಳಗಿದಳು ನೋಡು. ನನಗೆ ಜ್ವರ ಬಂದು ಮೆಲ್ಲಗೆ ತಟ್ಟಿದರೆ ಅವಳೂ ಮೆಲ್ಲಗೆ. ನಾನು ಸಿಟ್ಟಲ್ಲಿ ತಟ್ಟಿದರೆ ಅವಳಿಗೂ ಸಿಟ್ಟು. ನನ್ನ ತಂಗಿ ಸತ್ತ ದಿನ ನನ್ನ ಬೆರಳು ನಡುಗ್ತಿತ್ತು. ಆ ಕಡೆಯಿಂದ ಬಂದ ಮೂರೂ ನಡುಗ್ತಾ ಬಂತು. ಹೆತ್ತವರು ಅಳಲಿಲ್ಲ ನನಗೋಸ್ಕರ ಹಾಗೆ.”

ಏಳು ಭಾಷೆಗಳಲ್ಲಿ ಚೌಕಾಸಿ ಮಾಡಬಲ್ಲವಳು ನಾನು, ಗೋಡೆಯ ಬಿಳಿ ಚುಕ್ಕೆಗಳನ್ನು ಎಣಿಸುತ್ತಾ ಕೂತೆ.

“ಹೊತ್ತಾಯ್ತು” ಎಂದ ಯಜಮಾನ. ತಂತಿ ಬಿಗಿಯುವವನು ಇಕ್ಕಳ ಹಿಡಿದು ಅಂಗಳದ ಕಂಬ ಹತ್ತಿದ. ಕೇಳುವವಳು ಹಾರದ ನಡುವೆ ಬೆರಳಿಟ್ಟಳು.

ಮೂರು ಹೋಯಿತು. ಮೂರು ಬಂತು. ಸುಣ್ಣದ ಚುಕ್ಕೆ.

“ಕತ್ತರಿಸು” ಎಂದು ಯಜಮಾನ ಕೈ ಎತ್ತಿದ.

“ಬೇಡ!” ಎಂದೆ. “ಆ ತುದಿಯಲ್ಲಿ ಯಾರೂ ಇಲ್ಲ.”

ಎಲ್ಲರೂ ತಿರುಗಿದರು. ಯಜಮಾನ ನಕ್ಕ. “ಈಗ ತಾನೇ ಮೂರು ಬಂತಲ್ಲಮ್ಮ. ಬಿಸಿಲಲ್ಲಿ ಬಂದು ತಲೆ ತಿರುಗ್ತಿದೆಯಾ?”

“ಬಂದದ್ದು ಇವರದೇ ಮೂರು. ಗುಡಿಸಲಲ್ಲಿ ಎಳೆಗೆ ಎಳೆ ಹೊಸೆದಿದೆ. ನಾನೇ ಹೊಸೆದಿದ್ದು. ಗುಡ್ಡದವಳು ನಾನೇ.”

“ಗುಡ್ಡದವಳು ಗುಡ್ಡದಲ್ಲಿದಾಳೆ. ಗೋಡೆ ನೋಡು, ಇಪ್ಪತ್ತೇಳು ವರ್ಷದ ಸುಣ್ಣ! ಅದನ್ನ ನಂಬಲಾ, ಮುಳ್ಳು ಅಂಟಿದ ಸೀರೇಲಿ ಬಂದಿರೋ ನಿನ್ನ ನಂಬಲಾ?”

“ತಟ್ಟು ವಾಪಸು ಬಂತು ಅಂತಷ್ಟೇ ಗೋಡೆಗೆ ಗೊತ್ತು ಯಜಮಾನರೇ. ಕೊಟ್ಟವರು ಯಾರು ಅಂತ ಗೊತ್ತಿಲ್ಲ.”

ಕೇಳುವವಳು ಮಾತ್ರ ನಗಲಿಲ್ಲ. “ನನ್ನ ಹುಡುಗಿ ಬಗ್ಗೆ ಹಾಗೆಲ್ಲ ಅನ್ನಬೇಡಮ್ಮ” ಎಂದಳು, ಬಹಳ ಮೃದುವಾಗಿ.

“ತಟ್ಟಬೇಡಿ. ಏನಾದರೂ ಕೇಳಿ ನೋಡಿ, ಅಮ್ಮಾ. ಒಂದೇ ಮಾತು.”

“ಸುಮ್ಮನಿರೋ ತಂತೀಲಿ ಮಾತಾ?” ಯಜಮಾನ ಹೌಹಾರಿದ. “ಹುಟ್ಟಿದಾಗಿನಿಂದ ಯಾರೂ ಆಡಿಲ್ಲ!”

“ಅದಕ್ಕೇ ಇಷ್ಟು ವರ್ಷ ಗೊತ್ತಾಗಲಿಲ್ಲ” ಎಂದೆ.

ಕೇಳುವವಳು ನನ್ನ ಮುಖ ನೋಡಿದಳು. ಆಮೇಲೆ ಹಾರವನ್ನು ಪಕ್ಕಕ್ಕೆ ಸರಿಸಿದಳು. ಮುಚ್ಚಳ ತೆರೆದಳು. ತುಟಿಯನ್ನು ಹತ್ತಿರ ತಂದು, ಅಷ್ಟು ವರ್ಷ ಕೇಳಬೇಕೆಂದು ಇಟ್ಟುಕೊಂಡಿದ್ದ ಮಾತೆನ್ನುವಂತೆ, ಕೇಳಿದಳು:

“ಊಟ ಆಯ್ತೇನೇ?”

ಮಾತು ಹೊಳೆ ದಾಟಿತು, ಗುಡ್ಡ ಹತ್ತಿತು, ತಿರುಗಿತು.

“ಊಟ ಆಯ್ತೇನೇ?” ಎಂದಿತು ತಂತಿ. ಅದೇ ಹಲ್ಲಿಲ್ಲದ ಬಾಯಿ, ಅದೇ ಮೃದು ದನಿ.

“ನಾನು ಕಣೇ, ಕೇಳ್ತಿರೋದು.”

“ನಾನು ಕಣೇ, ಕೇಳ್ತಿರೋದು.”

ಯಜಮಾನ ಎತ್ತಿದ್ದ ಕೈಯನ್ನು ಮೆಲ್ಲಗೆ ಇಳಿಸಿದ. ಕಂಬದ ಮೇಲಿನವನು ಇಕ್ಕಳವನ್ನು ಸೊಂಟಕ್ಕೆ ಸಿಕ್ಕಿಸಿದ. ಬಾಗಿಲಲ್ಲಿದ್ದ ಆಚೆದಡದ ಹೆಂಗಸೊಬ್ಬಳು ಕೂತಲ್ಲಿಂದ ಎದ್ದು, ನನ್ನ ಕಡೆ ಬಂದು, ಏನು ಮಾಡಬೇಕೆಂದು ತೋಚದೆ ಹಾಗೇ ನಿಂತಳು. ಅವಳ ಸೊಂಟದಲ್ಲಿ ಕೂಸು ಇತ್ತು. ಹೊಡೆದಿದ್ದರೆ ನನಗೆ ಸುಲಭವಾಗುತ್ತಿತ್ತು.

ಕೇಳುವವಳು ಮುಚ್ಚಳ ಹಾಕಿದಳು.

“ಹಾಗಾದರೆ ನನ್ನ ತಂಗಿ ಸತ್ತ ದಿನ,” ಎಂದಳು, “ಆ ಕಡೆ ಅತ್ತವರು ಯಾರು?”

ಇದಕ್ಕೊಂದು ಸುಳ್ಳು ಸಿಕ್ಕಿದ್ದರೆ ಹೇಳಿಬಿಡುತ್ತಿದ್ದೆ.

“ನೀವೇ, ಅಮ್ಮಾ.”

ಅವಳು ತಲೆಯಾಡಿಸಿದಳು, ಬೇರೆ ಯಾರದೋ ಸುದ್ದಿ ಕೇಳಿದವರ ಹಾಗೆ. “ಅಡ್ಡಾದಿಡ್ಡಿ ತಟ್ಟುತಾ ಇದ್ದೋಳು ನೀನು.”

“ಹೌದು.”

“ಅದನ್ನ ಬೈದೆ ನಾನು.” ಮಣೆಯ ಅಂಚು ಹಿಡಿದುಕೊಂಡು, “ಯಾವಾಗ ಹೋದೆ?”

“ಹೊಂಗೆ ಹೂ ಉದುರೋ ವಾರ.”

ಅವಳು ಮಣೆಯಿಂದ ಎದ್ದಳು. ಎದ್ದಾಗ ಇನ್ನೂ ಗಿಡ್ಡ ಕಂಡಳು. ಮಸಿಯ ಬಟ್ಟಲು ತೆಗೆದುಕೊಂಡು ಗೋಡೆಯ ಹತ್ತಿರ ಹೋಗಿ, ಕಪ್ಪು ಬಿಳುಪು ಬೆರೆತ ಸಾಲು ಬರೀ ಬಿಳಿಯಾಗುವ ಜಾಗ ಹುಡುಕಿದಳು. ಬೆರಳು ಅದ್ದಿದಳು. ಒಂದು ಬಿಳಿಯ ಮೇಲೆ ಒಂದು ಕಪ್ಪು. ಅದರ ಪಕ್ಕದ ಬಿಳಿಯ ಮೇಲೆ ಇನ್ನೊಂದು. ಯಜಮಾನ, “ಬಿಡಿ ತಾಯೀ, ಒಟ್ಟಿಗೆ ಬಳಿದರಾಯ್ತು, ಒಂಬತ್ತು ಸಾವಿರ ಚಿಲ್ಲರೆ ಇದಾವೆ” ಎಂದ. ಅವಳು ತಿರುಗಲಿಲ್ಲ. “ಒಂದೊಂದು ದಿನಾನೂ ಒಂದೊಂದಾಗೇ ಹಾಕಿದ್ದು” ಎಂದಳು.

ಕಾಲು ಹಿಡಿಯೋಣವೆಂದು ಬಗ್ಗಿದೆ. ಅವಳು ಕಾಲು ಹಿಂದೆ ತೆಗೆದುಕೊಂಡಳು. ಸಿಟ್ಟಿನಿಂದಲ್ಲ, ಮಸಿ ಚೆಲ್ಲೀತೆಂದು.

ನನಗೆ ಏನು ಶಿಕ್ಷೆ ಎನ್ನುವುದರ ಬಗ್ಗೆ ಯಜಮಾನ ಎರಡು ಸಲಹೆ ಕೊಟ್ಟ, ಪದ್ಧತಿಯ ಪ್ರಕಾರ. ಒಂದನ್ನೂ ಯಾರೂ ಕೇಳಿಸಿಕೊಳ್ಳಲಿಲ್ಲ. ಮೊದಲ ತಂತಿಯನ್ನು ಇಳಿಸುವುದು ಬೇಡವೆಂದಾಯಿತು. ಹರಿದಲ್ಲೆಲ್ಲ ಮತ್ತೆ ಬಿಗಿಯಲು ತಂತಿ ಬಿಗಿಯುವವನು ಹೊರಟ. ನಾನು ಅವನ ಹಿಂದೆಯೇ ಹೊರಟೆ, ಗುಡ್ಡದ ಕಡೆಗೆ. ಹೊಳೆಯಲ್ಲಿ ದೋಣಿ ಹತ್ತುವಾಗ ಅವನು, “ಇಪ್ಪತ್ತೇಳು ವರ್ಷ ಆ ಗುಡ್ಡಕ್ಕೆ ಏಣಿ ಒಯ್ಯಲಿಲ್ಲ ನಾನು. ಬೆನ್ನಿಗೆ ಆರಾಮವಾಗಿತ್ತು” ಎಂದ. ಅವನಿಗೂ ಅದು ನೋಯುತ್ತಿತ್ತು.

ಗುಡಿಸಲಿನ ಮಾಡು ಅರ್ಧ ಕುಸಿದಿತ್ತು. ಕೋತಿಗಳು ಮೆಟ್ಟಿಲ ಮೇಲೆ ಕೂತು, ಇವಳ್ಯಾರು ನಡುವೆ ಬಂದವಳು ಎನ್ನುವ ಹಾಗೆ ನೋಡಿದವು. ನಾನು ಹೊಸೆದ ಗಂಟು ಹಾಗೇ ಇತ್ತು, ತಾಮ್ರ ಹಸಿರು ಕಟ್ಟಿ, ಕೀಲಿ ಹಾಕಿದ ಹಾಗೆ ಬಿಗಿದು. ನನ್ನ ಇಪ್ಪತ್ತೆರಡನೆಯ ವಯಸ್ಸಿನ ಬೆರಳುಗಳಿಗೆ ಎಷ್ಟು ಆತುರವಿತ್ತೋ ಅಷ್ಟು ಸುತ್ತು. ಬಿಚ್ಚಲು ಇಡೀ ಬೆಳಗು ಬೇಕಾಯಿತು. ಎಳೆಗಳನ್ನು ಬೂದಿಯಲ್ಲಿ ಉಜ್ಜಿ, ಡಬ್ಬಿಯೊಳಗೆ ಅವುಗಳ ಜಾಗಕ್ಕೆ ಸಿಕ್ಕಿಸಿ, ಅದರ ಮುಂದೆ ಕೂತೆ.

ನೆರಳು ಕಾಲಡಿಗೆ ಬಂತು. ತಟ್ಟು ಬರಲಿಲ್ಲ.

ಮರುದಿನ ಬಂತು ನೆರಳು. ತಟ್ಟು ಬರಲಿಲ್ಲ.

ಓಗೊಡುವವಳು ತಾನಾಗಿ ತಟ್ಟುವಂತಿಲ್ಲ. ಕೇಳಿದರೆ ಮಾತ್ರ. ಹಾಗಾಗಿ ಕೂತೆ. ಬುತ್ತಿ ತಂದ ಆಚೆದಡದ ಹೆಂಗಸು, ಅದೇ ಕೂಸಿನವಳು, ಈಗ ಮೆಟ್ಟಿಲ ಕೆಳಗೆ ಇಟ್ಟು ಹೋಗುವುದಿಲ್ಲ. ಬಾಗಿಲವರೆಗೂ ಬಂದು ನಾನಿರುವುದನ್ನು ಕಣ್ಣಿಂದ ನೋಡಿ ಹೋಗುತ್ತಾಳೆ. “ಮೊದಲ ತಂತೀಲಿ ಹೇಳಿದರು,” ಎಂದಳು ಒಂದು ದಿನ. “ಕೂಡುಮನೆ ಅಮ್ಮ ಉಳಿದ ತಂತಿಗಳನ್ನ ದಿನಾ ತಟ್ಟುತಾರಂತೆ. ತಟ್ಟಿ ಮುಗಿಸಿ ಗೋಡೆಗೆ ಮಸಿ ಹಾಕ್ತಾರಂತೆ. ನಿಮ್ಮ ತಂತಿ ಹತ್ರ ಬರಲ್ವಂತೆ.” ಇಷ್ಟು ಹೇಳಿ, ಸ್ವಲ್ಪ ಕನಿಕರವಾಯಿತೋ ಏನೋ, “ಉಪ್ಪಿನಕಾಯಿ ಇದೆ ಇವತ್ತು, ಉಣ್ಣಿ” ಎಂದಳು.

ಎಷ್ಟೋ ನೆರಳು ಬಂದವು, ಹೋದವು. ಕೆಳಗೆ ಹೊಳೆ ಕಡಲಿಗೆ ಹೋಗುತ್ತಲೇ ಇತ್ತು. ಕಡಲು ನೋಡಿದ್ದಾಯಿತು. ಚೆನ್ನಾಗಿದೆ. ಆದರೆ ಆ ಗಿಡ್ಡ ಹೆಂಗಸು ಹಿತ್ತಾಳೆಗೆ ಬೆರಳು ತಾಗಿಸಿ, ಒಂದು ಕ್ಷಣ ಉಸಿರು ಹಿಡಿದು, ಯಾರಾದರೂ ಇದ್ದಾರೆಯೇ ಎಂದು ಕಾಯುತ್ತಿದ್ದ ಒಂಬತ್ತು ಸಾವಿರ ಮಧ್ಯಾಹ್ನಗಳನ್ನು ನಾನು ನೋಡಲಿಲ್ಲ.

ನಲವತ್ತನೆಯ ದಿನವೋ, ನಲವತ್ತೊಂದೋ, ನೆರಳು ಕಾಲಡಿಗೆ ಬಂದಾಗ ಡಬ್ಬಿಯಲ್ಲಿ ಒಂದು ತಟ್ಟು ಬಿತ್ತು.

ಒಂದೇ.

ಕಾದೆ. ಎರಡನೆಯದು ಬರಲಿಲ್ಲ. ಕಟ್ಟಳೆಯಲ್ಲಿ ಒಂದು ತಟ್ಟು ಎಂಬುದು ಇಲ್ಲ. ಅವಳು ಅಲ್ಲಿ ಬೆರಳೆತ್ತಿ ಕೂತಿದ್ದಳು, ಒಂದು ಕೊಟ್ಟು, ಏನು ಬರುತ್ತದೆ ನೋಡಲು. ಒಂದಕ್ಕೆ ಒಂದು ಕೊಡುವುದು ತಂತಿಗೂ ಬರುತ್ತದೆ. ಇಪ್ಪತ್ತೇಳು ವರ್ಷ ಅದು ಕೊಟ್ಟದ್ದು ಅದನ್ನೇ.

ನನ್ನ ಬೆರಳು ನಡುಗುತ್ತಿತ್ತು, ಅವಳದಲ್ಲ, ನನ್ನದೇ. ಹೊಂಗೆ ಹೂ ಉದುರುತ್ತಿದ್ದ ಆ ಮಧ್ಯಾಹ್ನ ನಾನು ಕೊಡಬೇಕಾಗಿದ್ದ ಮೂರನ್ನು, ಒಂದಾದ ಮೇಲೆ ಒಂದರಂತೆ, ಕೊಟ್ಟೆ.